ಮೆಮೊರಿ ಚಿಪ್ ಕೀಳಬೇಡಿ, ಮೊದಲು ಅದರ ಕಾಲಲ್ಲಿ ವೋಲ್ಟೇಜ್ ನೋಡಿ

ನಿಮ್ಮ ಬಿಬಿಸಿ ಮೈಕ್ರೋ, ಅಂದರೆ ಎಂಬತ್ತರ ದಶಕದ ಆ ಬ್ರಿಟಿಷ್ ಕಂಪ್ಯೂಟರ್, ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಹ್ಯಾಂಗ್, ಕೆಲವು ದಿನ ಏನೂ ತೊಂದರೆ ಇಲ್ಲ. ಮೆಮೊರಿ ಚಿಪ್ ಎಲ್ಲ ಬದಲಿಸಲಾ, ಇಲ್ಲಾ ಸಿಗ್ನಲ್ಲನ್ನು ತೆರೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಮೆಷಿನ್, ಇದೇ ರೋಗ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಒಂದಿಡೀ ಮಳೆಗಾಲ ನನ್ನ ನಿದ್ದೆ ಕೆಡಿಸಿತ್ತು.

1984ರಲ್ಲಿ ಶುರುವಾದ ಕ್ಲಾಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಕಂಪ್ಯೂಟರ್. ನಾನು ಜೀವನದಲ್ಲಿ ಮೊದಲು ಕೀಬೋರ್ಡ್ ಮುಟ್ಟಿದ್ದೂ ಇದರದ್ದೇ. ಒಂದು ಶಾಲೆಯವರು ಗುಜರಿಗೆ ಹಾಕ್ತಿದ್ದಾರೆ ಅಂತ ಗೊತ್ತಾದ ದಿನವೇ ಹೋಗಿ ತಂದೆ. ಸ್ವಲ್ಪ ವರ್ಷ ಅಟ್ಟದ ಮೇಲೆ ಅಡಿಕೆ ಚೀಲಗಳ ಪಕ್ಕ ಇತ್ತು. ಕೆಳಗಿಳಿಸಿ ಆನ್ ಮಾಡಿದಾಗ ಅದೇ ಎರಡು ಸ್ವರದ ಬೀಪ್ ಬಂತು. ತೆರೆ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಬಂತು. ಕಣ್ಣು ತುಂಬಿ ಬಂತು, ನಿಜವಾಗಿ.

ಆಮೇಲೆ ಶುರುವಾಯಿತು. ಪ್ರೋಗ್ರಾಮ್ ಬರೆಯುತ್ತಾ ಕೂತಿದ್ದರೆ ತೆರೆಯ ಮೇಲಿನ ಒಂದು ಅಕ್ಷರ ತಾನೇ ಬೇರೆ ಅಕ್ಷರವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ 'ಬ್ಯಾಡ್ ಪ್ರೋಗ್ರಾಮ್' ಅನ್ನುತ್ತಿತ್ತು, ಇಲ್ಲವೇ ಎಲ್ಲಾ ನಿಂತು ಹೋಗುತ್ತಿತ್ತು. ತೆರೆಯಲ್ಲಿ ಕಾಣುವುದು ಮೆಮೊರಿಯಲ್ಲಿ ಇರುವುದೇ ತಾನೆ, ಅಲ್ಲಿ ಅಕ್ಷರ ಕೆಡುತ್ತಿದೆ ಅಂದರೆ ಮೆಮೊರಿ ಚಿಪ್ಪೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ನೀವೂ ಹಾಗೇ ಯೋಚಿಸಿದ್ದೀರಿ, ಅಲ್ವಾ?

ಹಾಗಂತ ಪವರ್ ನೋಡದೇ ಬಿಟ್ಟಿರಲಿಲ್ಲ. ಇಲ್ಲೇ ನಾನು ತಪ್ಪಿದ್ದು, ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಈ ಬೋರ್ಡಿಗೆ ಪವರ್ ಸಪ್ಲೈಯಿಂದ ಮೂರು ಕೆಂಪು ವೈರ್ (5 ವೋಲ್ಟ್), ಮೂರು ಕಪ್ಪು (ಗ್ರೌಂಡ್), ಒಂದು ನೇರಳೆ ಬರುತ್ತವೆ. ಪ್ರತಿ ವೈರಿನ ತುದಿಗೆ ಒಂದು ಲಗ್ (ಲೋಹದ ಕೊಂಡಿ), ಅದು ಬೋರ್ಡಿನ ಮೇಲಿನ ಚಪ್ಪಟೆ ತಗಡಿಗೆ ಸಿಕ್ಕಿಕೊಳ್ಳುತ್ತದೆ. ನಾನು ಮಲ್ಟಿಮೀಟರಿನ ಕಡ್ಡಿಯನ್ನು ಲಗ್ಗಿನ ಹಿಂಭಾಗಕ್ಕೆ, ವೈರ್ ಒತ್ತಿ ಕೂರಿಸಿದ ಜಾಗಕ್ಕೆ ಇಟ್ಟೆ. 5.05 ವೋಲ್ಟ್ ತೋರಿಸಿತು. ಸಪ್ಲೈ ಸರಿ ಇದೆ ಅಂತ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದೆ. ಆದರೆ ಅದು ವೈರಿನ ವೋಲ್ಟೇಜ್, ಬೋರ್ಡಿನದ್ದಲ್ಲ. ವೈರಿನ ಕಡೆಗೂ ಬೋರ್ಡಿನ ಕಡೆಗೂ ನಡುವೆ ಇದ್ದದ್ದು ಕೂದಲೆಳೆಯಷ್ಟು ಕಿಲುಬು. ಇನ್ನೊಂದು, ನಾನು ಅಳೆದದ್ದು ಮೆಷಿನ್ ಚೆನ್ನಾಗಿ ಓಡುತ್ತಿದ್ದಾಗ. ಕೆಟ್ಟು ನಿಂತಾಗ ಒಮ್ಮೆಯೂ ಅಳೆದಿರಲಿಲ್ಲ. ಆ ಒಂದು ಟಿಕ್ ನಂಬಿಕೊಂಡು ಮುಂದಿನದ್ದೆಲ್ಲಾ ಮಾಡಿದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಚಿಪ್ ಹುಡುಕಿ ತಂದೆ. ಹದಿನಾರು ಮೆಮೊರಿ ಚಿಪ್ಪಿನಲ್ಲಿ ನಾಲ್ಕನ್ನು ಬಿಚ್ಚಿದೆ. ಹಳೇ ಚಿಪ್ಪನ್ನೂ ಉಳಿಸಿಕೊಳ್ಳುವ ಆಸೆಗೆ ಕಾಲು ಕತ್ತರಿಸದೆ ಇಡೀ ಚಿಪ್ಪನ್ನೇ ಬಿಸಿ ಮಾಡಿ ಎಬ್ಬಿಸಿದೆ. ಮೂರು ಕಡೆ ತೂತಿನ ಸುತ್ತ ಇದ್ದ ತಾಮ್ರ ಕಾಲಿನ ಜೊತೆಗೇ ಕಿತ್ತು ಬಂತು. ನಲವತ್ತು ವರ್ಷ ಹತ್ತಿರ ಬದುಕಿದ್ದ ಬೋರ್ಡಿಗೆ ನಾನೇ ಗಾಯ ಮಾಡಿದೆ. ಹೊಸ ಚಿಪ್ ಹಾಕಿ, ಕಿತ್ತು ಬಂದ ಕಡೆ ಸಣ್ಣ ವೈರ್ ಎಳೆದು ಆನ್ ಮಾಡಿದೆ. ಓಡಿತು. ನಾಲ್ಕು ದಿನ ಬಿಸಿಲಿತ್ತು. ಆರಿದ್ರಾ ಮಳೆ ಹಿಡಿದ ಸಂಜೆ ಮತ್ತೆ ಅಕ್ಷರ ಕೆಟ್ಟಿತು.

ಆಗ ಬಂದವರು ನಮ್ಮ ಸಂಬಂಧದ ಒಬ್ಬ ಮಾವ. ಮೊದಲು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ತೋಟ ನೋಡಿಕೊಂಡಿದ್ದಾರೆ. ನಾನು 5.05 ಅಂದೆ. ಎಲ್ಲಿ ಅಂತ ಕೇಳಿದರು. ತೋರಿಸಿದೆ.

"ಅಲ್ಲ ಮಾರಾಯ, ಮೋಟ್ರು ಹತ್ರ ನೀರಿನ ಪ್ರೆಶರ್ ನೋಡಿ ಬಂದ್ರೆ ತೋಟದ ಕೊನೇ ಸ್ಪ್ರಿಂಕ್ಲರ್ ಜೆಟ್ ತಿರುಗ್ತದೆ ಅಂತ ಹೆಂಗೆ ಹೇಳ್ತೀಯ? ಚಿಪ್ಪಿನ ಕಾಲಲ್ಲಿ ನೋಡು."

ಈ ಮೆಷಿನ್ನಿನ ಮುಖ್ಯ ಚಿಪ್ ಆದ 6502 ಪ್ರೊಸೆಸರಿನ 8ನೇ ಕಾಲಿಗೆ (5 ವೋಲ್ಟ್ ಪಿನ್) ಕೆಂಪು ಕಡ್ಡಿ, 1ನೇ ಕಾಲಿಗೆ (ಗ್ರೌಂಡ್ ಪಿನ್) ಕಪ್ಪು ಕಡ್ಡಿ ಇಟ್ಟು ಇಬ್ಬರೂ ಕಾದೆವು. ಶುರುವಿನಲ್ಲಿ 4.86. ಹೊರಗೆ ಮಳೆ ಜೋರಾಗಿತ್ತು. ಕಾಲು ಗಂಟೆ ಕಳೆಯುವಷ್ಟರಲ್ಲಿ 4.7, ಆಮೇಲೆ 4.58, ತೆರೆ ಸತ್ತಿತು. ಈ ಚಿಪ್ಪುಗಳಿಗೆ 4.75ಕ್ಕಿಂತ ಕಮ್ಮಿ ಆಗಲೇಬಾರದು. ಮಾವ ಲಗ್‌ಗಳನ್ನು ಒಂದೊಂದಾಗಿ ಎಳೆದು ನೋಡಿದರು. ಕೆಂಪಿನದ್ದೊಂದು ಒಳಗೆ ಕಪ್ಪಾಗಿತ್ತು, ಪ್ಲಾಸ್ಟಿಕ್ ತೋಳು ಕಂದಿತ್ತು. ಕಿಲುಬು ಹಿಡಿದ ಜಾಗ ಬಿಸಿಯಾಗುತ್ತದೆ, ಬಿಸಿಗೆ ಲಗ್ಗಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿ. ಎರಡು ಆಂಪಿಯರ್ ಹರಿಯುವ ಕಡೆ 0.2 ಓಮ್ ಅಡ್ಡ ಬಂದರೆ 0.4 ವೋಲ್ಟ್ ಅಲ್ಲೇ ಹೋಯಿತು. ಸುಮ್ನೆ ಮೆಮೊರಿಯನ್ನು ಬೈದಿದ್ದೆ.

ಆದ್ದರಿಂದ ಆಸಿಲೋಸ್ಕೋಪ್ ವಿಷಯ ಈಗ ಬಿಡಿ. ನಿಮ್ಮ ಹತ್ತಿರ ಇರುವ ಮಲ್ಟಿಮೀಟರ್ ಸಾಕು. ಮೆಷಿನ್ ಆನ್ ಇರುವಾಗಲೇ ಒಂದು ಕಡ್ಡಿ ಸಪ್ಲೈ ಕಡೆಯ ಕೆಂಪು ವೈರಿನ ಲೋಹಕ್ಕೆ, ಇನ್ನೊಂದು ಚಿಪ್ಪಿನ 5 ವೋಲ್ಟ್ ಕಾಲಿಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. 0.25 ವೋಲ್ಟ್ ಕಂಡರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಕಪ್ಪು ವೈರಿಗೂ ಚಿಪ್ಪಿನ ಗ್ರೌಂಡ್ ಕಾಲಿಗೂ ನಡುವೆ ಹೀಗೇ ಮಾಡಿ, ಅದನ್ನು ಜನ ಮರೆಯುತ್ತಾರೆ. ಅಳೆಯುವ ಮೊದಲು ಲಗ್ ಅಲುಗಿಸಬೇಡಿ, ಚಿಪ್ ಒತ್ತಬೇಡಿ, ಕ್ಲೀನಿಂಗ್ ಸ್ಪ್ರೇ ಹೊಡೆಯಬೇಡಿ. ಅಲುಗಿಸಿದರೆ ರೋಗ ಹದಿನೈದು ದಿನ ಅಡಗಿ ಕೂರುತ್ತದೆ. ಸಪ್ಲೈ ಡಬ್ಬಿ ಮಾತ್ರ ಬಿಚ್ಚಬೇಡಿ, ಒಳಗೆ 230 ವೋಲ್ಟ್ ಇದೆ.

ನಾನು ಬೋರ್ಡಿನ ತಗಡುಗಳನ್ನು ಹಗುರವಾಗಿ ಉಜ್ಜಿ, ಶಿವಮೊಗ್ಗದ ಆಟೋ ಎಲೆಕ್ಟ್ರಿಕಲ್ ಅಂಗಡಿಯಿಂದ ಹೊಸ ಲಗ್ ತಂದು ಏಳಕ್ಕೂ ಹಾಕಿದೆ. ಬೈಕಿನ ವೈರಿಂಗಿಗೆ ಹಾಕುವಂಥದ್ದೇ, ಅಳತೆ ನೋಡಿ ತಗೊಳ್ಳಿ. ಈಗ 8ನೇ ಕಾಲಲ್ಲಿ 4.98 ಇದೆ, ಮಳೆ ಬಂದರೂ ಅಷ್ಟೇ. ಬೋರ್ಡಿನ ಹಿಂದೆ ಆ ಮೂರು ಸಣ್ಣ ವೈರ್ ಹಾಗೇ ಇವೆ. ನಿಮ್ಮದು ತಣ್ಣಗಿರುವಾಗ ಒಮ್ಮೆ, ನಿಂತು ಹೋದ ಕೂಡಲೇ ಒಮ್ಮೆ ಅಳೆದು ಎರಡೂ ಅಂಕಿ ನನಗೆ ಬರೆಯಿರಿ. ಅಲ್ಲಿಯವರೆಗೆ ಸಾಲ್ಡರಿಂಗ್ ಐರನ್ ಪ್ಲಗ್ಗಿಗೆ ಹಾಕಬೇಡಿ.