‘ಎರಡೂ ಖರೇನ ಅದಾವಲ್ರೀ’: ಪರವಾನಗಿ ಪರೀಕ್ಷೆಯ ಕಷ್ಟದ ಪ್ರಶ್ನೆಗಳು ಮತ್ತು ಒಬ್ಬ ಅನುಭವಿ

ಇವರನ್ನು ಸವಿತಾ ಎಂದು ಕರೆಯೋಣ. ಹೆಸರು ಬೇರೆ, ಮನೆಯ ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಸವಿತಾಗೆ ನಲವತ್ತರ ಆಸುಪಾಸು. ಧಾರವಾಡದ ಕಡೆಯವರು. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆ, ಬಾಲ್ಯವಿವಾಹ ತಡೆ, ಸ್ವಸಹಾಯ ಸಂಘ ಎಂದು ಓಡಾಡಿದವರು. ಗಂಡನ ಕೆಲಸದ ಜೊತೆ ಅಮೆರಿಕದ ಪೂರ್ವ ತೀರಕ್ಕೆ ಹೋದರು. ನಮ್ಮಲ್ಲಿ ಸಮಾಜಕಾರ್ಯದ ಪದವಿ ಇದ್ದರೆ ಕೆಲಸಕ್ಕೆ ಇಳಿಯಬಹುದು, ಎಲ್ಲರೂ ಬರೆಯಲೇಬೇಕಾದ ಪರವಾನಗಿ ಪರೀಕ್ಷೆ ಅಂತ ಒಂದಿಲ್ಲ. ಅಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ‘ಸೋಶಿಯಲ್ ವರ್ಕರ್’ ಎಂದು ಹೇಳಿಕೊಳ್ಳುವುದಕ್ಕೂ ಅನೇಕ ರಾಜ್ಯಗಳ ಕಾನೂನು ಬಿಡುವುದಿಲ್ಲ. ಇಲ್ಲಿಯ ಪದವಿ ಅಲ್ಲಿಯದಕ್ಕೆ ಸಮವೇ ಎಂದು ಸಿಎಸ್‌ಡಬ್ಲ್ಯುಇ ಎಂಬ ಶಿಕ್ಷಣ ಮಂಡಳಿ ನೋಡಿ ಹೇಳಬೇಕು. ಅದಾದ ಮೇಲೆ ಪರವಾನಗಿ ಮಂಡಳಿಗಳ ಒಕ್ಕೂಟವಾದ ಎಎಸ್‌ಡಬ್ಲ್ಯುಬಿ ನಡೆಸುವ ಮಾಸ್ಟರ್ಸ್ ಪರೀಕ್ಷೆ. ಸವಿತಾ ಅದನ್ನು ಎರಡು ಸಲ ಬರೆದು, ಎರಡೂ ಸಲ ಕೆಲವೇ ಅಂಕಗಳಿಂದ ಫೇಲಾಗಿ, ವಿಡಿಯೊ ಕರೆಯಲ್ಲಿ ನನ್ನ ಮುಂದೆ ಕೂತಿದ್ದರು.

ಅಮೆರಿಕದಲ್ಲಿರುವವರಿಗೆ ಚಿಕಿತ್ಸೆ ಕೊಡುವ ಪರವಾನಗಿ ನನಗಿಲ್ಲ ಎಂದು ಮೊದಲೇ ಹೇಳಿದೆ. ಪರೀಕ್ಷೆಯ ಒತ್ತಡ, ಓದಿನ ಕ್ರಮ, ಇಷ್ಟರ ಬಗ್ಗೆ ಮಾತ್ರ ಮಾತಾಡೋಣ ಅಂದೆ. ಅವರು ನಕ್ಕರು. “ಎಥಿಕ್ಸ್ ಪ್ರಶ್ನೆ ಇಲ್ಲಿಂದನ ಶುರು ಆತು ನೋಡ್ರಿ.”

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ನಿದ್ದೆ ಕೆಟ್ಟಿತ್ತು. ಕನ್ನಡ ಕೂಟದ ಗೆಳತಿಯರು ಸಿಕ್ಕಾಗಲೆಲ್ಲ “ಪರೀಕ್ಷೆ ಏನಾಯ್ತು?” ಎಂದು ಕೇಳುತ್ತಾರೆಂದು ಕೂಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಗಂಡ ಒಳ್ಳೆಯ ಮನಸ್ಸಿನಿಂದಲೇ “ಯಾಕಿಷ್ಟು ಕಷ್ಟಪಡ್ತಿ, ಬಿಡು” ಅಂದಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತ್ತು. ಕೊನೆಗೆ ಅವರ ಬಾಯಿಂದ ಬಂದ ಮಾತು: “ಇಷ್ಟ ವರ್ಷ ನಾ ಮಾಡಿದ್ದು ಕೆಲಸಾನ ಅಲ್ಲೇನ್ರಿ ಹಂಗಾರ?”

ಈ ಪ್ರಶ್ನೆಗೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಬದಲಿಗೆ ಅವರ ಅಂಕಪಟ್ಟಿ ತರಿಸಿಕೊಂಡೆ. ಫೇಲಾದವರಿಗೆ ಯಾವ ವಿಭಾಗದಲ್ಲಿ ಎಷ್ಟು ಸರಿ ಎಂದು ಅದರಲ್ಲಿ ಬಿಡಿಸಿ ಕೊಟ್ಟಿರುತ್ತಾರೆ. ಅವರು ಬರೆದಾಗ ಪರೀಕ್ಷೆಯಲ್ಲಿ 170 ಪ್ರಶ್ನೆ, ನಾಲ್ಕು ಗಂಟೆ. ಅಂಕಕ್ಕೆ ಬರುವುದು 150 ಮಾತ್ರ. ಉಳಿದ 20 ಮುಂದಿನ ಪರೀಕ್ಷೆಗಳಿಗಾಗಿ ಹದ ನೋಡುವ ಪ್ರಶ್ನೆಗಳು, ಯಾವುವೆಂದು ಬರೆಯುವವರಿಗೆ ಗೊತ್ತಾಗುವುದಿಲ್ಲ. ಪತ್ರಿಕೆಯ ಕಠಿಣತೆಗೆ ತಕ್ಕಂತೆ ಸುಮಾರು 90ರಿಂದ 107 ಸರಿಯಾದರೆ ಪಾಸು. ಸವಿತಾ ಅವರ ಪಟ್ಟಿಯಲ್ಲಿ ಮನುಷ್ಯನ ಬೆಳವಣಿಗೆ, ವರ್ತನೆಯ ಭಾಗ ಚೆನ್ನಾಗಿತ್ತು. ಬೆಳವಣಿಗೆಯ ಹಂತಗಳನ್ನು ವಿವರಿಸಿದ ಎರಿಕ್ಸನ್, ಪಿಯಾಜೆ ಎಲ್ಲ ಬಾಯಿಪಾಠ. ಬಿದ್ದದ್ದು ಅಸೆಸ್‌ಮೆಂಟ್‌ನಲ್ಲಿ, ಅಂದರೆ ಬಂದವರ ಪರಿಸ್ಥಿತಿ ಅರಿಯುವ ಭಾಗದಲ್ಲಿ, ಮತ್ತು ವೃತ್ತಿ ಸಂಬಂಧ, ಮೌಲ್ಯ, ನೀತಿಯ ಭಾಗದಲ್ಲಿ. ಅಂದರೆ ‘ಮೊದಲು ಏನು ಮಾಡುತ್ತೀರಿ?’ ಎಂದು ಕೇಳುವ ಕಡೆ. ಜೀವನವಿಡೀ ಮಾಡಿದ ಕೆಲಸದಲ್ಲೇ ಫೇಲು.

ಪರೀಕ್ಷೆಯ ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ, ನಾನೂ ಕೇಳಲಿಲ್ಲ. ಅದೇ ಜಾಡಿನಲ್ಲಿ ನಾನೇ ಒಂದಿಷ್ಟು ಹೆಣೆದೆ. ಒಂದು ಹೀಗಿತ್ತು. 72 ವರ್ಷದ ಮಹಿಳೆ ಮಗನ ಜೊತೆ ಬಂದಿದ್ದಾರೆ. ಕೆಲವು ತಿಂಗಳಿಂದ ತೂಕ ಇಳಿದಿದೆ. ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಕೊಡುತ್ತಾನೆ, ಆಕೆ ತಲೆ ತಗ್ಗಿಸಿ ಕೂತಿದ್ದಾರೆ. ಸಮಾಜಕಾರ್ಯಕರ್ತೆ ಮೊದಲು ಏನು ಮಾಡಬೇಕು? ಮಗನಿಂದ ಪೂರ್ತಿ ಮಾಹಿತಿ ಪಡೆಯುವುದು. ತಾಯಿಯ ಜೊತೆ ಪ್ರತ್ಯೇಕವಾಗಿ ಮಾತಾಡುವುದು. ಹಿರಿಯರ ರಕ್ಷಣಾ ಇಲಾಖೆಗೆ ವರದಿ ಮಾಡುವುದು. ಮನೆಯವರನ್ನೆಲ್ಲ ಕೂರಿಸಿ ಸಭೆ ನಡೆಸುವುದು.

ಸವಿತಾ ಆರಿಸಿದ್ದು ಸಭೆ.

“ಪ್ರತ್ಯೇಕವಾಗಿ ಮಾತಾಡೋದು ಯಾಕೆ ಬೇಡ ಅನ್ನಿಸ್ತು?”

“ಮಗನ್ನ ಹೊರಗ ಹೋಗು ಅಂತ ಹೆಂಗ ಹೇಳೂದ್ರಿ? ಅವ್ವನ್ನ ಕರಕೊಂಡು ಬಂದವನ ಅವ. ಸಿಟ್ಟಾಗಿ ಮುಂದಿನ ಸಲ ಕರಕೊಂಡ ಬರಲಿಲ್ಲಂದ್ರ? ಎಲ್ಲಾರನೂ ಕೂಡಿಸಿದ್ರ ಯಾರಿಗೂ ಅವಮಾನ ಆಗೂದಿಲ್ಲ. ಎರಡೂ ಖರೇನ ಅದಾವಲ್ರೀ.”

ಹೌದು, ಎರಡೂ ಸರಿಯೇ. ಈ ಪರೀಕ್ಷೆಯ ಕಷ್ಟವೇ ಅದು. ನಾಲ್ಕರಲ್ಲಿ ಎರಡನ್ನು ಯಾರು ಬೇಕಾದರೂ ತೆಗೆದುಹಾಕಬಹುದು, ಉಳಿದೆರಡರಲ್ಲಿ ಯಾವುದು ಈ ಕ್ಷಣದ ಕೆಲಸ ಎಂಬುದೇ ಪ್ರಶ್ನೆ. ಆ ತಾಯಿ ಇನ್ನೂ ಬಾಯಿ ಬಿಟ್ಟಿಲ್ಲ. ಏನು ನಡೆದಿದೆ ಎಂದೇ ಗೊತ್ತಿಲ್ಲದೆ ಸಭೆ ಕರೆದರೆ ಅಲ್ಲೂ ಮಗನೇ ಮಾತಾಡುತ್ತಾನೆ. ವರದಿ ಮಾಡಲು ಅನುಮಾನಕ್ಕೆ ಆಧಾರ ಬೇಕು, ಅದೂ ಇನ್ನೂ ಸಿಕ್ಕಿಲ್ಲ. ಪ್ರತ್ಯೇಕವಾಗಿ ಮಾತಾಡಿದ ಮೇಲೆ ಸಭೆಯೂ ಬರಬಹುದು, ವರದಿಯೂ ಬರಬಹುದು. ಸವಿತಾ ಮೂರು ಭೇಟಿಗಳ ಆಚೆಗಿನ ಹೆಜ್ಜೆಯನ್ನು ಇವತ್ತೇ ಇಟ್ಟಿದ್ದರು.

ಇನ್ನೊಂದು ಪ್ರಶ್ನೆಯಲ್ಲಿ ವಿಷಯ ಇನ್ನೂ ಸ್ಪಷ್ಟವಾಯಿತು. 15ರ ಹುಡುಗಿ ಶಾಲೆಯ ಸಮಾಜಕಾರ್ಯಕರ್ತೆಗೆ, ಮಲತಂದೆ ಬೆಲ್ಟಿನಿಂದ ಹೊಡೆಯುತ್ತಾನೆ ಎನ್ನುತ್ತಾಳೆ. ಬೆನ್ನ ಮೇಲೆ ಬಾಸುಂಡೆ. ಯಾರಿಗೂ ಹೇಳಬೇಡಿ ಎಂದು ಅಳುತ್ತಾಳೆ. ಮೊದಲು? ಸವಿತಾ: ತಾಯಿಯನ್ನು ಕರೆಸಿ ಮಾತಾಡುವುದು. ಕಾರಣ ಕೇಳಿದೆ.

“ಪೊಲೀಸರು ಮನಿ ಬಾಗಲಿಗೆ ಬಂದ್ರ ನಾಳೆನ ಹುಡುಗಿನ್ನ ಸಾಲಿ ಬಿಡಸ್ತಾರ್ರಿ. ಮುಂದಿನ ತಿಂಗಳ ಲಗ್ನಾನೂ ಮಾಡಿಬಿಡ್ತಾರ. ಮೊದಲ ಅವ್ವನ್ನ ನಮ್ಮ ಕಡೆ ತಗೋಬೇಕು.”

“ಸವಿತಾ, ಆ ಹಳ್ಳಿ ಈ ಪ್ರಶ್ನೆಯಲ್ಲಿ ಎಲ್ಲಿದೆ?”

ಪರದೆಯ ಮೇಲಿನ ಪ್ರಶ್ನೆಯನ್ನು ಅವರು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದರು. “ಇಲ್ರಿ.”

ಕಾನೂನು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ನಮ್ಮ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ, ನಡೆಯಬಹುದೆಂಬ ಆತಂಕ ಇದ್ದರೂ, ತಿಳಿಸಲೇಬೇಕು. ಇದರ ಬಗ್ಗೆ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟವರೇ ಇವರು. ಅಮೆರಿಕದಲ್ಲಿ ಹೊಡೆತ, ನಿರ್ಲಕ್ಷ್ಯ ಕೂಡ ಆ ವ್ಯಾಪ್ತಿಗೆ ಬರುತ್ತವೆ. ಸಮಾಜಕಾರ್ಯಕರ್ತರಿಗೆ ವರದಿ ಕಡ್ಡಾಯ, ಅದಕ್ಕೆ ಸಕಾರಣ ಅನುಮಾನ ಸಾಕು, ಸಾಕ್ಷಿ ಹುಡುಕುವುದು ಅವರ ಕೆಲಸವಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕೈ ಬೇರೆ ಉತ್ತರ ಒತ್ತುತ್ತಿತ್ತು. ಪ್ರಶ್ನೆಯಲ್ಲಿ ಇಲ್ಲದ ಒಂದು ಊರು, ಒಂದು ಮನೆ, ಒಬ್ಬ ಹುಡುಗಿ ಅವರ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ಹೊಸದಾಗಿ ಕಾಲೇಜು ಮುಗಿಸಿದವರಿಗೆ ಈ ತೊಂದರೆ ಕಡಿಮೆ; ಅವರ ತಲೆಯಲ್ಲಿ ಪುಸ್ತಕ ಮಾತ್ರ ಇರುತ್ತದೆ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ, ಓದು ಕಡಿಮೆ ಮಾಡಿ ಎಂದು. ಮೂರು ದಪ್ಪ ಗೈಡುಗಳು, ಒಂದು ಆ್ಯಪ್, ದಿನಕ್ಕೆ ನೂರು ಪ್ರಶ್ನೆ: ಇದನ್ನು ನಿಲ್ಲಿಸಿ, ದಿನಕ್ಕೆ ಹತ್ತೇ ಪ್ರಶ್ನೆ. ಒಂದು ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲೇ, ಸರಿಯುತ್ತರ ಯಾಕೆ ಸರಿ ಎನ್ನುವುದಕ್ಕಿಂತ ಉಳಿದವು ಯಾಕೆ ಈಗ ಬೇಡ ಎಂದು ಬರೆಯಬೇಕು. ಪಕ್ಕದಲ್ಲಿ ಒಂದು ಸಾಲು ಖಾಲಿ ಬಿಟ್ಟು ‘ಇದು ಎಲ್ಲಿಂದ ಬಂತು?’ ಎಂದು ಕೇಳಿಕೊಳ್ಳಬೇಕು. ಪ್ರಶ್ನೆಯಲ್ಲಿರುವ ಮಾತಾದರೆ ಅಡಿಗೆರೆ. ಹಳೆಯ ಕೆಲಸದಿಂದ ಬಂದದ್ದಾದರೆ ಆ ಊರಿನ ಹೆಸರು ಬರೆಯುವುದು. ಮೊದಲ ವಾರದ ಪುಟಗಳ ಫೋಟೊ ಕಳಿಸಿದ್ದರು. ಪಕ್ಕದ ಸಾಲಿನ ತುಂಬ ಊರುಗಳು. ಒಂದು ಕಡೆ ‘ಅತ್ತಿ ಮನಿ’ ಎಂದೂ ಬರೆದಿತ್ತು, ಅದರ ಬಗ್ಗೆ ನಾವು ಬೇರೆಯಾಗಿ ಮಾತಾಡಿದೆವು.

ಎರಡನೆಯದು, ಓದುವ ಕ್ರಮ. ಕೊನೆಯ ವಾಕ್ಯ ಮೊದಲು ಓದಿ. ‘ಫಸ್ಟ್’ ಎಂದಿದ್ದರೆ ಉತ್ತರಗಳಲ್ಲಿ ಎರಡು ಮೂರು ಮಾಡಬೇಕಾದ ಕೆಲಸಗಳೇ ಇರಬಹುದು, ಕೇಳಿದ್ದು ಸರದಿಯನ್ನು. ‘ನೆಕ್ಸ್ಟ್’ ಎಂದಿದ್ದರೆ ಈಗಾಗಲೇ ಏನೋ ಆಗಿದೆ. ಏನಾಗಿದೆ ಎಂದು ಮೇಲೆ ಹುಡುಕಿ, ಮುಗಿದ ಕೆಲಸವನ್ನು ಮತ್ತೆ ಮಾಡಬೇಡಿ. ‘ಬೆಸ್ಟ್’ ಎಂದರೆ ಸರದಿಯಲ್ಲ, ತೂಕ. ಆಮೇಲೆ ಎರಡೇ ವಿಚಾರ: ಇಲ್ಲಿ ಕ್ಲೈಂಟ್, ಅಂದರೆ ನೆರವು ಪಡೆಯುವವರು, ಯಾರು, ಕೆಲಸ ಯಾವ ಹಂತದಲ್ಲಿದೆ. ಪರಿಚಯವೇ ಆಗದವರಿಗೆ ಚಿಕಿತ್ಸೆಯ ಯೋಜನೆ ಹಾಕುವ ಉತ್ತರ ಸಾಮಾನ್ಯವಾಗಿ ತಪ್ಪು. ಪ್ರಾಣಕ್ಕೆ ಅಪಾಯದ ಸೂಚನೆ ಪ್ರಶ್ನೆಯಲ್ಲೇ ಇದ್ದರೆ ಮಾತ್ರ ಈ ಸರದಿಯನ್ನು ದಾಟಿ ಸುರಕ್ಷತೆ ಮುಂದೆ ಬರುತ್ತದೆ. ಕೋಚಿಂಗಿನವರು ಇದಕ್ಕೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿದ ನೆನಪಿನ ಸೂತ್ರಗಳ ಗಿಣಿಪಾಠ ಮಾಡಿಸುತ್ತಾರೆ. ಸವಿತಾಗೆ ಅವೆಲ್ಲ ಕಂಠಪಾಠ ಇದ್ದವು, ಪ್ರಶ್ನೆ ಕಂಡ ಕೂಡಲೇ ಮರೆಯುತ್ತಿದ್ದವು. ನನಗೂ ಅವುಗಳ ಮೇಲೆ ಅಷ್ಟು ಭರವಸೆ ಇಲ್ಲ.

ಸಮಯದ ಲೆಕ್ಕವನ್ನೂ ಹಾಕಿದೆವು. ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. ಇಂಗ್ಲಿಷ್ ಮನೆಮಾತಲ್ಲದವರಿಗೆ ಅರ್ಜಿ ಹಾಕಿದರೆ ಕೆಲವು ರಾಜ್ಯಗಳು ಹೆಚ್ಚುವರಿ ಸಮಯ ಕೊಡುತ್ತವೆ. ಸವಿತಾ ಬೇಡ ಎನ್ನುತ್ತಿದ್ದರು, “ಇಂಗ್ಲಿಷ್ ಬರೂದಿಲ್ಲ ಅಂದಂಗ ಆಗ್ತದ್ರಿ.” ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಕ್ಲೈಂಟಿಗೆ ಹಕ್ಕಿನ ಅರ್ಜಿ ತುಂಬಿಸುವಾಗ ‘ನಾಚಿಕೆ ಬೇಡ’ ಎಂದು ಎಷ್ಟು ಜನಕ್ಕೆ ಹೇಳಿದ್ದೀರಿ? ಅರ್ಜಿ ಹೋಯಿತು, ಸಮಯ ಸಿಕ್ಕಿತು.

ಕೊನೆಯ ಅರ್ಧ ಗಂಟೆಯಲ್ಲಿ ಉತ್ತರ ಬದಲಿಸುವ ಚಟವೂ ಅವರಿಗಿತ್ತು. ಅದಕ್ಕೆ ಒಂದೇ ಕಟ್ಟು: ಮೊದಲ ಓದಿನಲ್ಲಿ ತಪ್ಪಿಹೋದ ಪದವೊಂದನ್ನು ಪ್ರಶ್ನೆಯಲ್ಲಿ ಬೆರಳಿಟ್ಟು ತೋರಿಸಲು ಆದರೆ ಬದಲಿಸಿ. ಬರೀ ಭಯಕ್ಕೆ ಬದಲಿಸಬೇಡಿ. ತೀರಾ ವಿಚಿತ್ರವಾದ ಪ್ರಶ್ನೆ ಬಂದರೆ ಅದು ಅಂಕವಿಲ್ಲದ ಇಪ್ಪತ್ತರಲ್ಲಿ ಒಂದಿರಬಹುದು, ಏನೋ ಒಂದು ಗುರುತು ಮಾಡಿ ಮುಂದೆ ಹೋಗಿ. ಪರೀಕ್ಷೆಯ ದಿನಾಂಕವನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳಬೇಡಿ.

‘ನಾನು ಮಾಡಿದ್ದು ಕೆಲಸಾನ ಅಲ್ಲೇನು’ ಎಂಬ ಮಾತು ಮಾತ್ರ ಹಾಗೇ ಉಳಿದಿತ್ತು. ಆಗ ನಾನು ಅವರಿಗೆ ಎಎಸ್‌ಡಬ್ಲ್ಯುಬಿ ತಾನೇ 2022ರಲ್ಲಿ ಬಿಡುಗಡೆ ಮಾಡಿದ ಅಂಕಿಅಂಶ ತೋರಿಸಿದೆ. ಮಾಸ್ಟರ್ಸ್‌ನ ಮುಂದಿನ ಹಂತವಾದ ಕ್ಲಿನಿಕಲ್ ಪರೀಕ್ಷೆಯಲ್ಲಿ, ಮತ್ತೆ ಮತ್ತೆ ಬರೆದವರನ್ನೂ ಸೇರಿಸಿ, ಬಿಳಿಯರಲ್ಲಿ ನೂರಕ್ಕೆ ಸುಮಾರು 91 ಮಂದಿ ಪಾಸಾದರೆ ಕಪ್ಪು ಜನರಲ್ಲಿ 57. ವಯಸ್ಸಾದವರು, ಇಂಗ್ಲಿಷ್ ಮನೆಮಾತಲ್ಲದವರೂ ಹಿಂದೆ ಬಿದ್ದಿದ್ದರು. ಇದು ಹೊರಬಿದ್ದ ಮೇಲೆ ಅಲ್ಲಿಯ ವೃತ್ತಿಯವರೊಳಗೇ ದೊಡ್ಡ ಜಗಳವಾಯಿತು. ಇಲಿನಾಯ್ ರಾಜ್ಯವಂತೂ ಕ್ಲಿನಿಕಲ್‌ಗಿಂತ ಕೆಳಗಿನ ಎಲ್‌ಎಸ್‌ಡಬ್ಲ್ಯು ಪರವಾನಗಿಗೆ ಈ ಅಂಕಿಅಂಶ ಬರುವ ಮೊದಲೇ ಪರೀಕ್ಷೆಯನ್ನು ಕೈಬಿಟ್ಟಿತ್ತು. ಈ ಅಂಕಿಗಳನ್ನು ನೆಪ ಮಾಡಿಕೊಳ್ಳಲು ತೋರಿಸಲಿಲ್ಲ; ಅವರಿರುವ ರಾಜ್ಯದಲ್ಲಿ ಪರೀಕ್ಷೆ ಇನ್ನೂ ಇದೆ, ಬರೆಯಲೇಬೇಕು. ಆದರೆ ಈ ಅಂಕ ಒಬ್ಬರ ಕೆಲಸದ ಅಳತೆ ಅಂತ ನನಗೆ ಅನ್ನಿಸುವುದಿಲ್ಲ, ಹಾಗಂತ ಹೇಳಿದೆ. ಅವರು ಬಹಳ ಹೊತ್ತು ಆ ಪಟ್ಟಿ ನೋಡಿದರು. “ಇದನ್ನ ಮೊದಲ ಯಾಕ ಯಾರೂ ಹೇಳಲಿಲ್ಲರಿ?”

ಫೇಲಾದವರು ಮತ್ತೆ ಬರೆಯಲು 90 ದಿನ ಕಾಯಬೇಕು, 230 ಡಾಲರ್ ಶುಲ್ಕ ಮತ್ತೆ ಕಟ್ಟಬೇಕು. ಆ ಅವಧಿ ನಮಗೆ ಸಾಕಾಯಿತು. ಮೂರನೆಯ ಸಲ ಪಾಸಾದರು. ಈಗ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕಾದ ಗಂಟೆಗಳನ್ನು ಕೂಡಿಸುತ್ತಿದ್ದಾರೆ, ಮುಂದೆ ಕ್ಲಿನಿಕಲ್ ಪರೀಕ್ಷೆ ಇದೆ. ಕೂಟದ ಯುಗಾದಿಗೂ ಹೋಗಿದ್ದರಂತೆ.

ಇದನ್ನು ಓದಿ ಗೈಡುಗಳನ್ನು ಅಟ್ಟಕ್ಕೆ ಹಾಕುವ ಮುನ್ನ ನಿಮ್ಮ ಅಂಕಪಟ್ಟಿ ನೋಡಿ. ಇದೇ ಪರೀಕ್ಷೆಗೆ ಓದುತ್ತಿದ್ದ ಇನ್ನೊಬ್ಬ ಹುಡುಗಿಗೆ ಈ ಹತ್ತು ಪ್ರಶ್ನೆಯ ಕ್ರಮ ಹೇಳಿದಾಗ ಏನೂ ಆಗಲಿಲ್ಲ. ಆಕೆಗೆ ಸರದಿ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಬೆಳವಣಿಗೆಯ ಹಂತಗಳು, ಮಾನಸಿಕ ಕಾಯಿಲೆಗಳ ಕೈಪಿಡಿಯಾದ ಡಿಎಸ್‌ಎಂ-5ರ ಕಾಯಿಲೆಗಳ ಲಕ್ಷಣಗಳು ಗೊತ್ತಿರಲಿಲ್ಲ. ಸ್ಕಿಜೋಫ್ರೇನಿಯಾ ಎನ್ನಲು ಲಕ್ಷಣಗಳು ಆರು ತಿಂಗಳು ಇರಬೇಕೆಂಬುದು ಯೋಚಿಸಿ ಹೊಳೆಯುವ ವಿಷಯವಲ್ಲ. ಆಕೆಗೆ ಬೇಕಿದ್ದದ್ದು ಆ ದಪ್ಪ ಪುಸ್ತಕಗಳೇ. ಅಂಥವರಿಗೆ ದಿನಕ್ಕೆ ಎರಡು ಗಂಟೆ ಪಾಠ ಓದಿ, ಪ್ರಶ್ನೆ ವಾರಕ್ಕೊಮ್ಮೆ ಮುಟ್ಟಿದರೆ ಸಾಕು ಎಂದು ಹೇಳುತ್ತೇನೆ.