‘ದಿ ಮಂಕೀಸ್ ಪಾ’ ದುರಾಸೆಯ ಕಥೆಯೇ? ಕೊನೆಗೆ ಬಾಗಿಲು ತಟ್ಟಿದ್ದು ಯಾರು?

ನಿಮ್ಮ ಮಗಳು ಹೇಳುವುದೇ ಸರಿ ಅಂತ ನನಗೆ ಅನ್ನಿಸುತ್ತದೆ. ಗೈಡಿನಲ್ಲಿ ‘ದುರಾಸೆಗೆ ಸಿಕ್ಕ ಶಿಕ್ಷೆ’ ಅಂತ ಬರೆದಿದೆ, ಆದರೆ ಕಥೆಯಲ್ಲಿ ಬರುವ ಅಪ್ಪ ವೈಟ್ ಅವರನ್ನು ದುರಾಸೆಯ ಮನುಷ್ಯ ಅನ್ನಲು ಅವಳಿಗೆ ಮನಸ್ಸು ಬರುತ್ತಿಲ್ಲ ಅಂದಿರಿ. ಕೊನೆಯಲ್ಲಿ ಬಾಗಿಲು ತಟ್ಟಿದ್ದು ಮಗನೇನಾ ಅಂತಲೂ ಕೇಳಿದ್ದೀರಿ. ನಾನು 12 ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದ್ದೇನೆ. ಪಠ್ಯದಲ್ಲಿ ಇಲ್ಲದಿದ್ದರೂ ಈ ಕಥೆಯನ್ನು ಪ್ರತಿ ವರ್ಷ ಒಂದು ದಿನ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅಷ್ಟು ಇಷ್ಟ ನನಗೆ.

ಕಥೆ ಓದದವರಿಗೆ ಎರಡು ಮಾತು. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ ಈ ಕಥೆ 1902ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಒಂದು ಮನೆ. ಅಲ್ಲಿ ವಯಸ್ಸಾದ ವೈಟ್, ಅವರ ಹೆಂಡತಿ, ಮಗ ಹರ್ಬರ್ಟ್. ಭಾರತದಲ್ಲಿ 21 ವರ್ಷ ಇದ್ದು ಬಂದ ಸಾರ್ಜೆಂಟ್ ಮೇಜರ್ ಮಾರಿಸ್ ಒಂದು ಮಳೆಯ ರಾತ್ರಿ ಅವರ ಮನೆಗೆ ಬರುತ್ತಾನೆ. ಅವನ ಜೇಬಿನಲ್ಲಿ ಒಣಗಿದ ಕೋತಿ ಕೈ ಇರುತ್ತದೆ. ಒಬ್ಬ ಫಕೀರ ಅದಕ್ಕೆ ಮಂತ್ರ ಹಾಕಿದ್ದಾನೆ, ಮೂರು ಜನ ತಲಾ ಮೂರು ವರ ಕೇಳಬಹುದು. ವೈಟ್ 200 ಪೌಂಡ್ ಕೇಳುತ್ತಾರೆ. ಮಾರನೆಯ ದಿನ ಕಾರ್ಖಾನೆಯಲ್ಲಿ ಹರ್ಬರ್ಟ್ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿಯವರು ಕೊಡುವ ಹಣ ಸರಿಯಾಗಿ 200 ಪೌಂಡ್.

ಇಷ್ಟು ಕೇಳಿದರೆ ಯಾರಿಗೂ ದುರಾಸೆಯ ಕಥೆ ಅಂತಲೇ ಅನ್ನಿಸುತ್ತದೆ. ನಮಗಂತೂ ವರ ಅಂದ ಕೂಡಲೇ ಭಸ್ಮಾಸುರ ನೆನಪಾಗುತ್ತಾನೆ. ಆದರೆ ಭಸ್ಮಾಸುರ ಬೇರೆಯವರನ್ನು ಸುಡಲಿಕ್ಕೆಂದೇ ವರ ಕೇಳಿದವನು. ವೈಟ್ ಏನು ಹೇಳುತ್ತಾರೆ ನೋಡಿ: ನನಗೆ ಏನು ಕೇಳಬೇಕೋ ಗೊತ್ತಾಗುತ್ತಿಲ್ಲ, ಬೇಕಾದ್ದೆಲ್ಲ ಇದೆ. ಮನೆಯ ಮೇಲಿನ ಸಾಲ ತೀರಿದರೆ ನಿಮಗೆ ನೆಮ್ಮದಿ ಅಲ್ವಾ, 200 ಪೌಂಡ್ ಕೇಳಿ ಅಂತ ಹೇಳಿಕೊಡುವವನು ಹರ್ಬರ್ಟ್. ಆ ಮೊತ್ತ ಮೊದಲು ಬಂದದ್ದೇ ಅವನ ಬಾಯಿಂದ. ಮಗಳಿಗೆ ಈ ಜಾಗಕ್ಕೆ ಗೆರೆ ಹಾಕಿಕೊಳ್ಳಲು ಹೇಳಿ.

ಹಾಗಾದರೆ ವೈಟ್ ಎಂಥ ಮನುಷ್ಯ? ಉತ್ತರ ಕಥೆಯ ಶುರುವಿನಲ್ಲೇ ಇದೆ. ಅಪ್ಪ ಮಗ ಚೆಸ್ ಆಡುತ್ತಿರುತ್ತಾರೆ. ಅಪ್ಪ ತನ್ನ ರಾಜನನ್ನು ಸುಮ್ಸುಮ್ನೆ ಅಪಾಯಕ್ಕೆ ತಳ್ಳುತ್ತಾರೆ. ತಪ್ಪು ನಡೆ ಇಟ್ಟಾಯಿತು ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಮಗನಿಗೆ ಅದು ಕಾಣದಿರಲಿ ಅಂತ ‘ಗಾಳಿ ಹೇಗೆ ಬೀಸ್ತಿದೆ ಕೇಳು’ ಅಂತ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಮಕ್ಕಳು ಈ ಭಾಗವನ್ನು ಬೇಗ ದಾಟಿ ಕೋತಿ ಕೈ ಎಲ್ಲಿ ಬರುತ್ತದೆ ಅಂತ ಹುಡುಕುತ್ತಾರೆ. ಇಡೀ ಕಥೆಯೇ ಇಲ್ಲಿದೆ. ಆಮೇಲೆ ಮಾರಿಸ್ ಆ ಕೈಯನ್ನು ಬೆಂಕಿಗೆ ಎಸೆದಾಗಲೂ ಅಷ್ಟೆ, ಬಗ್ಗಿ ಎತ್ತಿಕೊಳ್ಳುವವರು ಇದೇ ವೈಟ್. ಉರಿದು ಹೋಗಲಿ ಬಿಡಿ ಅಂತ ಮಾರಿಸ್ ಹೇಳಿದರೂ ಕೇಳುವುದಿಲ್ಲ. ಆ ಕೈಯಿಂದ ಮೊದಲು ವರ ಕೇಳಿದವನು ಮೂರನೇ ವರವಾಗಿ ಸಾವನ್ನೇ ಕೇಳಿದ್ದ ಅಂತ ಅಷ್ಟು ಹೊತ್ತಿಗೆ ವೈಟ್ ಅವರಿಗೆ ಗೊತ್ತಾಗಿದೆ. ನಮ್ಮಲ್ಲಿ ‘ಇರಲಾರದೆ ಇರುವೆ ಬಿಟ್ಟುಕೊಂಡ’ ಅನ್ನುತ್ತಾರಲ್ಲ, ಅದೇ ಇದು. ಆಸೆ ಜಾಸ್ತಿ ಇದ್ದವರಲ್ಲ ಇವರು. ಇದ್ದದ್ದನ್ನು ಇದ್ದ ಹಾಗೆ ಬಿಡಲು ಆಗದವರು. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ನನ್ನ ಮನೆಯಲ್ಲೇ ಅಂಥವರನ್ನು ನೋಡಿದ್ದೇನೆ, ಪ್ರೀತಿಸಿದ್ದೇನೆ.

ಕಥೆಯಲ್ಲಿ ದುರಾಸೆಯ ಮಾತು ಬಂದೇ ಇಲ್ಲ ಅಂತಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹರ್ಬರ್ಟ್ ಅಪ್ಪನನ್ನು ರೇಗಿಸುತ್ತಾನೆ: ದುಡ್ಡು ಬಂದರೆ ನೀವು ಜಿಪುಣರಾಗಿಬಿಡುತ್ತೀರಿ, ಆಮೇಲೆ ನಿಮ್ಮನ್ನು ನಾವು ದೂರ ಇಡಬೇಕಾಗುತ್ತದೆ. ಹಿಂದಿನ ರಾತ್ರಿ ಇನ್ನೂ ಒಂದು ಮಾತು ಆಡಿರುತ್ತಾನೆ. ದುಡ್ಡು ಕಾಣಿಸ್ತಾ ಇಲ್ಲ, ಯಾವತ್ತೂ ನೋಡಲ್ಲ ಅಂತ ಬೇಕಾದರೆ ಪಂಥ ಕಟ್ಟುತ್ತೇನೆ. ಅವನು ನಿಜವಾಗಿಯೂ ಆ ದುಡ್ಡು ನೋಡಲಿಲ್ಲ. ಎರಡನೇ ಸಲ ಓದುವಾಗ ಈ ಸಾಲಿಗೆ ಬಂದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಜೇಕಬ್ಸ್ ಹೆಸರು ಮಾಡಿದ್ದು ನಾವಿಕರ ತಮಾಷೆಯ ಕಥೆಗಳಿಂದ. ನಗಿಸುವುದು ಅವರಿಗೆ ಚೆನ್ನಾಗಿ ಗೊತ್ತು. ಆ ನಗುವನ್ನೇ ಇಲ್ಲಿ ಚುಚ್ಚುವ ಹಾಗೆ ಮಾಡಿದ್ದಾರೆ.

ತಾಯಿಯ ಪಾತ್ರವನ್ನು ಗೈಡುಗಳು ಎರಡೇ ಸಾಲಿನಲ್ಲಿ ಮುಗಿಸುತ್ತವೆ. ನನ್ನ ಪ್ರಕಾರ ಕಥೆಯ ಜೀವ ಅವರೇ. ಊಟಕ್ಕೆ ಬಡಿಸಲು ಏಳುತ್ತಾ, ನನಗೆ ನಾಲ್ಕು ಜೊತೆ ಕೈ ಕೊಡಿಸಿ ಅಂತ ವರ ಕೇಳಬಾರದಾ ಅನ್ನುತ್ತಾರೆ. ಆಗ ಅವರಿಗೆ ಅದರ ಮೇಲೆ ನಂಬಿಕೆಯೇ ಇಲ್ಲ. ಮಗನ ಮಣ್ಣಾಗಿ ಸುಮಾರು ಒಂದು ವಾರದ ಮೇಲೆ, ನಡುರಾತ್ರಿ, ಅದೇ ತಾಯಿ ‘ಆ ಕೈ!’ ಅಂತ ಕೂಗುತ್ತಾರೆ. ಮಗ ಬದುಕಿ ಬರಲಿ ಅಂತ ಕೇಳಿ ಅಂತ ಗಂಡನನ್ನು ಪಟ್ಟು ಹಿಡಿಯುತ್ತಾರೆ. ಈಗ ನಂಬುವವರು ಅವರು, ನಡುಗುವವರು ಗಂಡ. ಯಾಕೆ? ವೈಟ್ ಶವ ನೋಡಿದ್ದಾರೆ. ಬಟ್ಟೆಯಿಂದ ಮಾತ್ರ ಗುರುತು ಹಿಡಿದೆ ಅಂತ ಹೆಂಡತಿಗೆ ಹೇಳುವುದೇ ಆ ರಾತ್ರಿ. ನಾನು ಎತ್ತಿ ಆಡಿಸಿದ ಮಗುವಿಗೆ ನಾನು ಹೆದರುತ್ತೇನಾ ಅಂತ ತಾಯಿ ಕೇಳುತ್ತಾರೆ. ಇಬ್ಬರ ಪ್ರೀತಿಯೂ ಒಂದೇ. ಒಬ್ಬರು ನೋಡಿದ್ದಾರೆ, ಒಬ್ಬರು ನೋಡಿಲ್ಲ, ಅಷ್ಟೇ ವ್ಯತ್ಯಾಸ. ಕೊನೆಗೆ ವೈಟ್ ಆ ವರ ಕೇಳುತ್ತಾರೆ. ಬಾಗಿಲು ತಟ್ಟುವ ಸದ್ದು ಬಂದಾಗ ತಾಯಿ ಚಿಲಕ ತೆಗೆಯಲು ಓಡುತ್ತಾರೆ, ಗಂಡ ಮೂರನೇ ವರ ಕೇಳಲು ಕತ್ತಲಲ್ಲಿ ನೆಲ ತಡವಿ ಆ ಕೈ ಹುಡುಕುತ್ತಾರೆ. ಸಸ್ಪೆನ್ಸ್ ಹುಟ್ಟುವುದು ಇಲ್ಲಿ. ನಾನು ಇಲ್ಲಿಗೆ ಓದು ನಿಲ್ಲಿಸಿ, ನೀವಾಗಿದ್ದರೆ ಚಿಲಕ ತೆಗೀತಿದ್ರಾ ಅಂತ ಕೇಳುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ನಾನು ತೆಗೀತಿರಲಿಲ್ಲ ಮಿಸ್, ನಮ್ಮಮ್ಮ ತೆಗೀತಿದ್ರು’ ಅಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಇನ್ನು ವಿಧಿಯ ಪ್ರಶ್ನೆ. ಮನುಷ್ಯರ ಬದುಕನ್ನು ನಡೆಸುವುದು ವಿಧಿ, ಅದರಲ್ಲಿ ಕೈ ಹಾಕಿದವರಿಗೆ ದುಃಖ ತಪ್ಪದು ಅಂತ ತೋರಿಸಲು ಫಕೀರ ಹೀಗೆ ಮಾಡಿದ ಅಂತ ಮಾರಿಸ್ ಹೇಳುತ್ತಾನೆ. ಇದನ್ನೇ ಕಥೆಯ ಥೀಮ್ ಅಂತ ಬರೆದುಬಿಟ್ಟರೆ ಅಂಕ ಬರಬಹುದು. ನಾವು ಹಣೆಬರಹ ಅಂತ ಬೇಗ ಒಪ್ಪಿಕೊಳ್ಳುವವರು ಬೇರೆ. ಆದರೆ ಅದು ಮೂರನೇ ಗ್ಲಾಸು ವಿಸ್ಕಿಯಿಂದ ಮಾತು ಬಿಚ್ಚಿದ ಮಾರಿಸ್ ಹೇಳಿದ್ದು, ಲೇಖಕರು ಹೇಳಿದ್ದಲ್ಲ. ಜೇಕಬ್ಸ್ ಒಂದೊಂದು ಘಟನೆಗೂ ಇನ್ನೊಂದು ಕಾರಣ ಇಟ್ಟಿದ್ದಾರೆ. 200 ಪೌಂಡ್ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ 1897ರಲ್ಲಿ ಕೆಲಸಗಾರರ ಪರಿಹಾರದ ಕಾಯ್ದೆ ಬಂತು. ಕೆಲಸದಲ್ಲಿ ಸತ್ತವನನ್ನೇ ನಂಬಿದ್ದ ಮನೆಯವರಿಗೆ ಮೂರು ವರ್ಷದ ಸಂಬಳ ಅಥವಾ 150 ಪೌಂಡ್, ಎರಡರಲ್ಲಿ ಜಾಸ್ತಿ ಯಾವುದೋ ಅದು, ಆದರೆ 300 ಮೀರಬಾರದು ಅಂತ ಇತ್ತು. ಅಂದರೆ 1902ರ ಓದುಗರಿಗೆ ಒಬ್ಬ ಕೆಲಸಗಾರನ ಜೀವಕ್ಕೆ 200 ಪೌಂಡ್ ಅನ್ನುವುದು ವಿಚಿತ್ರ ಲೆಕ್ಕವೇನಲ್ಲ. ಕಥೆಯಲ್ಲಿ ಹೊಸ ರೇಷ್ಮೆ ಟೋಪಿ ಹಾಕಿಕೊಂಡು ಸಾವಿನ ಸುದ್ದಿ ತರುವ ಕಂಪನಿಯವನು ನಮ್ಮ ಮೇಲೆ ಯಾವ ಹೊಣೆಯೂ ಇಲ್ಲ ಅಂತ ಮೊದಲು ಹೇಳಿ, ಆಮೇಲೆ ಹಣದ ಮಾತು ಎತ್ತುತ್ತಾನೆ. ಈ ಜಾಗ ಓದುವಾಗ ನನಗೆ ಕೋತಿ ಕೈಗಿಂತ ಆ ಟೋಪಿಯವನನ್ನು ಕಂಡರೇ ಜಾಸ್ತಿ ಭಯ.

ಬಾಗಿಲು ತಟ್ಟಿದ್ದು ಯಾರು ಅಂತ ಜೇಕಬ್ಸ್ ಎಲ್ಲಿಯೂ ಹೇಳಿಲ್ಲ. ಮೂರನೇ ವರ ಏನು ಅಂತಲೂ ಬರೆದಿಲ್ಲ. ವೈಟ್ ಏನೋ ಕೇಳಿಕೊಳ್ಳುತ್ತಾರೆ, ಸದ್ದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ತಾಯಿಯ ಅಳು ಕೇಳಿಸುತ್ತದೆ. ಗಂಡ ಕೆಳಗೆ ಓಡಿ ಬಂದು ಗೇಟಿನವರೆಗೆ ಹೋದರೆ, ಎದುರಿನ ಬೀದಿ ದೀಪ ಮಿಣುಕುತ್ತಿರುತ್ತದೆ, ರಸ್ತೆ ಖಾಲಿ. ಬಂದವನು ಹೋದನೋ, ಯಾರೂ ಬಂದೇ ಇರಲಿಲ್ಲವೋ, ಎರಡಕ್ಕೂ ಆ ಖಾಲಿ ರಸ್ತೆ ಹೊಂದುತ್ತದೆ. ನಿಮ್ಮ ಮಗಳು ಯಾವುದನ್ನು ಬೇಕಾದರೂ ಆರಿಸಿಕೊಳ್ಳಲಿ, ಕಥೆಯ ಯಾವ ಸಾಲಿನಿಂದ ಹಾಗೆ ಅನ್ನಿಸಿತು ಅಂತ ಮಾತ್ರ ತಪ್ಪದೆ ಬರೆಯಲಿ. ಬರೆದ ಮೇಲೆ ಸಾಧ್ಯವಾದರೆ ಅವಳು ಯಾವುದನ್ನು ಆರಿಸಿಕೊಂಡಳು ಅಂತ ಇಲ್ಲಿ ತಿಳಿಸಿ. ನನಗೆ ನಿಜವಾಗಿಯೂ ಕುತೂಹಲ ಇದೆ.