ಬೈಗುಳ ಬಿಟ್ಟರೂ ಟೀಕೆ ಖಡಕ್ಕಾಗಿರಬಹುದು

ಓದುಗರ ಪತ್ರ: ನಾನು ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ನೆಟ್‌ವರ್ಕಿಂಗ್ ಲೈಬ್ರರಿಯ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವನು. ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದ ತುದಿಯಿಂದ) ಒಮ್ಮೆ ರೀಡ್ ಮಾಡಿದರೆ ಕೇಳಿದಷ್ಟೂ ಬೈಟ್ ಬಂದೇ ಬರುತ್ತದೆ ಎಂದುಕೊಂಡು ಹೊಸಬರೊಬ್ಬರು ಮೂರು ಸಲ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದರು. ಮೂರನೇ ಸಲ, ‘ಇದು ಕಸ. ಯೋಚನೆ ಮಾಡಿ ಕೋಡ್ ಬರೆಯುವ ಅಭ್ಯಾಸವೇ ಇಲ್ಲವೇ?’ ಎಂದು ಬರೆದೆ. ಅವರು ಮತ್ತೆ ಬರಲಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬೆಳೆದದ್ದೇ ಇಂಥ ಬಿರುಸಿನಿಂದ ಅಲ್ಲವೇ? ಮೆತ್ತಗಾದರೆ ಕಳಪೆ ಕೋಡ್ ನುಸುಳುವುದಿಲ್ಲವೇ?

ಸಂಪಾದಕರ ಉತ್ತರ: ಕಳಪೆ ಕೋಡ್ ಒಳಗೆ ಬರಬಾರದೆಂಬ ನಿಮ್ಮ ಹಟ ನೂರಕ್ಕೆ ನೂರು ಸರಿ. ಆದರೆ ಅದನ್ನು ತಡೆಯುವುದು ಮರ್ಜ್ ಮಾಡದಿರುವ, ಅಂದರೆ ಪ್ಯಾಚನ್ನು ಮೂಲ ಕೋಡ್‌ಗೆ ಸೇರಿಸದಿರುವ ನಿಮ್ಮ ಅಧಿಕಾರ. ಆ ಅಧಿಕಾರ ಬೈದರೂ ಅಷ್ಟೇ, ಬೈಯದಿದ್ದರೂ ಅಷ್ಟೇ.

ಲಿನಕ್ಸ್‌ನ ಉದಾಹರಣೆಯನ್ನೇ ನೋಡೋಣ. 2012ರ ಡಿಸೆಂಬರ್‌ನಲ್ಲಿ ಅದರ ತಿರುಳಾದ ಕರ್ನಲ್‌ನ ಒಂದು ಬದಲಾವಣೆಯಿಂದ, ಅದು ಅಪ್ಲಿಕೇಶನ್‌ಗಳಿಗೆ ಮರಳಿಸುವ ಎರರ್ ಕೋಡ್ ಬೇರೆಯಾಗಿ ಕೆಲವು ಅಪ್ಲಿಕೇಶನ್‌ಗಳು ಕೆಟ್ಟವು. ದೋಷ ಅಪ್ಲಿಕೇಶನ್‌ಗಳದ್ದು ಎಂದ ಹಿರಿಯ ಮೇಂಟೇನರ್ ಮೇಲೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಹರಿಹಾಯ್ದರು. ಅದರಲ್ಲಿ ಕೆಲಸಕ್ಕೆ ಬರುವ ಮಾತು ಎರಡೇ: ಆ ಎರರ್ ಕೋಡ್ ಆ ಕರೆಗೆ (ಅಪ್ಲಿಕೇಶನ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗೆ) ಸಲ್ಲದು, ಬಳಕೆದಾರರ ಪ್ರೋಗ್ರಾಂ ಕೆಡಿಸುವ ಬದಲಾವಣೆ ಕರ್ನಲ್‌ನದೇ ಬಗ್. ಉಳಿದ ಕೂಗಾಟ ತೆಗೆದುಹಾಕಿದರೂ ನಿಯಮದ ಬಿಗಿ ಒಂದಿಷ್ಟೂ ಸಡಿಲವಾಗದು. 2018ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ಬಹಿರಂಗವಾಗಿ ಕ್ಷಮೆ ಕೇಳಿ ಕೆಲ ವಾರ ಬಿಡುವು ಪಡೆದರು. ಕರ್ನಲ್‌ನ 4.19ನೇ ಆವೃತ್ತಿಯನ್ನು ಅವರ ಬದಲು ಇನ್ನೊಬ್ಬ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. 2015ರ ‘ಕೋಡ್ ಆಫ್ ಕಾನ್‌ಫ್ಲಿಕ್ಟ್’ (ಜಗಳದ ಸಂಹಿತೆ) ಹೋಗಿ ಹೊಸ ನಡವಳಿಕೆ ಸಂಹಿತೆ ಬಂತು. ಬಳಕೆದಾರರ ಪ್ರೋಗ್ರಾಂ ಕೆಡಿಸಬಾರದೆಂಬ ಆ ನಿಯಮ ಮಾತ್ರ ಇವತ್ತಿಗೂ ಹಾಗೇ ಇದೆ.

ಈಗ ನಿಮ್ಮ ಎರಡು ವಾಕ್ಯ. ಯಾವ ಸಾಲು ತಪ್ಪು, ಯಾವಾಗ ಕೆಡುತ್ತದೆ, ಏನು ಮಾಡಬೇಕು, ಯಾವುದೂ ಅದರಲ್ಲಿಲ್ಲ. ಹೀಗೆ ಬರೆಯಬಹುದಿತ್ತು: ‘84ನೇ ಸಾಲಿನಲ್ಲಿ 4096 ಬೈಟ್ ಕೇಳಿದ್ದೀರಿ. ರೀಡ್ ಅದಕ್ಕಿಂತ ಕಡಿಮೆ ಕೊಡಬಹುದು. ಆಗ ಬಫರ್‌ನಲ್ಲಿ ಉಳಿದಿದ್ದ ಹಳೆಯ ಡೇಟಾ ಕೂಡ ಪಾರ್ಸ್ ಆಗುತ್ತದೆ. ಬೇಕಾದಷ್ಟು ಬೈಟ್ ಸೇರುವ ತನಕ ಲೂಪ್‌ನಲ್ಲಿ ಓದಿ. ಸೊನ್ನೆ ಬಂದರೆ ಆ ಕಡೆಯವರು ಕನೆಕ್ಷನ್ ಮುಚ್ಚಿದ್ದಾರೆ. ಸಿಗ್ನಲ್ ಅಡ್ಡ ಬಂದು ರೀಡ್ ವಿಫಲವಾದರೆ ಮತ್ತೆ ರೀಡ್ ಮಾಡಿ. ಇದು ಸರಿಹೋಗದೆ ಮರ್ಜ್ ಮಾಡುವುದಿಲ್ಲ.’ ಇದರಲ್ಲಿ ಬೆಣ್ಣೆ ಮಾತು ಒಂದೂ ಇಲ್ಲ. ನಿಮ್ಮ ಮಾತಿಗಿಂತ ಇದೇ ಕಟು, ಏಕೆಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಮೂರು ಸಲ ಅದೇ ತಪ್ಪಾದದ್ದು ಉಡಾಫೆಯಿಂದ ಎಂದು ತಿಳಿಯಬೇಡಿ. ಒಂದೇ ಕಂಪ್ಯೂಟರ್‌ನೊಳಗೆ ಸಣ್ಣ ಸಂದೇಶ ಕಳಿಸಿ ಪರೀಕ್ಷಿಸಿದರೆ ಸಾಮಾನ್ಯವಾಗಿ ಎಲ್ಲ ಬೈಟ್‌ಗಳೂ ಒಂದೇ ರೀಡ್‌ಗೆ ಸಿಗುತ್ತವೆ. ಅವರ ಟೆಸ್ಟ್‌ಗಳೆಲ್ಲ ಪಾಸಾಗಿರುತ್ತವೆ, ತಪ್ಪು ಕಣ್ಣಿಗೇ ಬಿದ್ದಿರುವುದಿಲ್ಲ. ಸಂದೇಶವನ್ನು ಒಂದೊಂದೇ ಬೈಟ್ ಮಾಡಿ, ನಡುವೆ ಕೆಲವು ಮಿಲಿಸೆಕೆಂಡ್ ತಡೆದು ಕಳಿಸುವ ಟೆಸ್ಟ್ ಬರೆದು, ಪ್ರತಿ ಪ್ಯಾಚ್‌ಗೂ ತಾನೇ ಓಡುವಂತೆ ಇಡಿ. ಇನ್ನೊಬ್ಬರು ಅದೇ ತಪ್ಪು ಮಾಡಿದರೆ ಟೆಸ್ಟ್ ಹೇಳುತ್ತದೆ, ನಿಮ್ಮ ತಾಳ್ಮೆ ಉಳಿಯುತ್ತದೆ. ಇಂಡೆಂಟೇಶನ್, ಹೆಸರಿಡುವ ಪದ್ಧತಿಯಂಥವನ್ನೂ ಕೋಡ್‌ನ ಶೈಲಿಯನ್ನು ತಾವೇ ತಪಾಸಿಸುವ ಫಾರ್ಮ್ಯಾಟರ್ ಮತ್ತು ಲಿಂಟರ್ ಸಾಧನಗಳಿಗೆ ಬಿಟ್ಟುಬಿಡಿ.

ಮೆತ್ತಗಾಗುವ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ. ಡೇಟಾ ಕಳೆದುಹೋಗುವ ಬಗ್‌ಗೆ ‘ಸಾಧ್ಯವಾದರೆ ಇದನ್ನೊಮ್ಮೆ ನೋಡಬಹುದೇನೋ’ ಎಂದು ಬರೆಯುವ ರಿವ್ಯೂವರ್ (ಪ್ಯಾಚ್ ಪರಿಶೀಲಿಸುವವರು) ಕೂಡ ತನ್ನ ಕೆಲಸ ಮಾಡಿಲ್ಲ. ಬರೆದವರು ಅದನ್ನು ಸಲಹೆ ಎಂದುಕೊಂಡು ಮುಂದೆ ಹೋಗುತ್ತಾರೆ. ಆದ್ದರಿಂದ ಪ್ರತಿ ಟಿಪ್ಪಣಿಯ ಮೊದಲಿಗೇ ‘ಕಡ್ಡಾಯ’ ಅಥವಾ ‘ಸಣ್ಣ ವಿಷಯ’ ಎಂದು ಗುರುತು ಹಾಕಿ. ವಿನ್ಯಾಸವೇ ಬೇಡವೆನಿಸಿದರೆ ಅದನ್ನು ಮೊದಲ ದಿನವೇ ಹೇಳಿ. ಮೂವತ್ತು ಸಾಲುಗಳನ್ನು ತಿದ್ದಿಸಿ ಆಮೇಲೆ ‘ಇದು ಬೇಡ’ ಎನ್ನುವುದು ಯಾವ ಬೈಗುಳಕ್ಕೂ ಕಡಿಮೆಯಿಲ್ಲದ ಕ್ರೌರ್ಯ.

ಇನ್ನೊಂದು ಮಾತು, ಬಿರುಸು ಮೇಂಟೇನರ್‌ಗಳ ಮೇಲೂ ಬೀಳುತ್ತದೆ. ಫೈಲ್‌ಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಕಂಪ್ರೆಷನ್ ಸಾಫ್ಟ್‌ವೇರನ್ನು ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪ್ಯಾಚ್‌ಗಳು ತಡವಾಗುತ್ತಿವೆ, ಹೊಸ ಮೇಂಟೇನರ್ ಬೇಕು ಎಂದು 2022ರಲ್ಲಿ ಕೆಲವು ಖಾತೆಗಳು ಅವರನ್ನು ಒಂದೇ ಸಮನೆ ಚುಚ್ಚಿದವು. ಜವಾಬ್ದಾರಿ ಹೊಸಬರೊಬ್ಬರ ಕೈಸೇರಿತು. 2024ರಲ್ಲಿ ಆ ಹೊಸಬರು ಹೊರತಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗಲು ಬಚ್ಚಿಟ್ಟ ಕೋಡ್ ಪತ್ತೆಯಾಯಿತು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನಟ್ಟಿದ್ದರಿಂದ ಅದು ಬಯಲಿಗೆ ಬಂತು. ಚುಚ್ಚಿದ ಆ ಖಾತೆಗಳೇ ನಕಲಿ ಎಂಬ ಬಲವಾದ ಶಂಕೆಯಿದೆ. ದಣಿದ ಮನುಷ್ಯನನ್ನು ಹಳಿಯುವುದು ಭದ್ರತೆಗೇ ಕನ್ನ ಹಾಕುವ ಉಪಾಯವಾಗಬಲ್ಲದು.

ನೀವು ಬೈದ ಹೊಸಬರ ಪ್ಯಾಚ್ ಇನ್ನೂ ತೆರೆದಿದ್ದರೆ ಅದರ ಕೆಳಗೇ ಬರೆಯಿರಿ, ಖಾಸಗಿಯಾಗಿ ಬೇಡ. ಬೈದದ್ದು ಎಲ್ಲರೆದುರು ತಾನೇ? ಅವರ ಬಗ್ಗೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಿ, ಕೋಡ್ ಬಗೆಗಿನ ಆಕ್ಷೇಪವನ್ನು ಹಾಗೇ ಉಳಿಸಿ. ಒಂದೊಂದೇ ಬೈಟ್ ಕಳಿಸುವ ಟೆಸ್ಟ್ ಸೇರಿಸಿ, ಅದು ಪಾಸಾದರೆ ಮರ್ಜ್ ಮಾಡುತ್ತೀರೋ ಇಲ್ಲವೋ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿ.